ಮುರಿದ ಸೂಜಿಯ ಮೂರನೆಯ ತುಂಡು

ಹೊಲಿಗೆ ಮಷೀನಿನ ಸೂಜಿ ಮುರಿದರೆ ದೊಡ್ಡ ಸದ್ದೇನೂ ಆಗುವುದಿಲ್ಲ. ಟಕ್ ಅನ್ನುತ್ತದೆ, ಮಷೀನು ಒಮ್ಮೆ ಗೊರಗುಟ್ಟಿ ನಿಲ್ಲುತ್ತದೆ. ಬೇರೆ ಟೈಲರುಗಳಾದರೆ ತುಂಡು ಎತ್ತಿ ಬಿಸಾಕಿ, ಹೊಸ ಸೂಜಿ ಹಾಕಿ, ಬಿಟ್ಟಲ್ಲಿಂದ ಹೊಲಿಗೆ ಮುಂದುವರಿಸುತ್ತಾರೆ. ಚಿಕ್ಕಿಗೆ ಮಾತ್ರ ಆ ಸದ್ದು ಕೇಳಿದರೆ ಸಾಕು, ಅಂಗೈ ಬೆವೆತು ಬಟ್ಟೆ ಜಾರುತ್ತಿತ್ತು.

ಅವತ್ತು ಮಧ್ಯಾಹ್ನ ಆಗಿದ್ದೂ ಅದೇ. ಯಾರದೋ ಮಗುವಿನ ಅಂಗಿಗೆ ಕುತ್ತಿಗೆಪಟ್ಟಿ ಕೂರಿಸುತ್ತಿದ್ದಳು. ಬಟ್ಟೆ ನಾಲ್ಕು ಪದರ ದಪ್ಪವಿದ್ದ ಕಡೆ ಸೂಜಿ ಟಕ್ಕೆಂದಿತು. ಮೇಲಿನ ಅರ್ಧ ಮಷೀನಿನಲ್ಲೇ ಕಚ್ಚಿಕೊಂಡಿತ್ತು. ಕೆಳಗಿನ ಅರ್ಧ, ಮೊನೆಯಿರುವ ಅರ್ಧ, ಕಾಣಲಿಲ್ಲ.

"ಯಾರೂ ಅಲ್ಲಾಡ್ಬೇಡಿ," ಅಂದಳು ಚಿಕ್ಕಿ.

"ಶುರುವಾಯ್ತಪ್ಪ," ಅಂದಳು ಅವಳ ಅಕ್ಕ, ಕತ್ತರಿಸುವ ಮೇಜಿನ ಹಿಂದಿನಿಂದ. "ನಾನು ಉಸಿರಾಡಬಹುದಾ, ಅದೂ ಬೇಡವಾ?"

ಅಂಗಡಿ ಅಕ್ಕನದು. ಭಾವ ತೀರಿಕೊಂಡ ಮೇಲೆ ಅಕ್ಕ ಬಟ್ಟೆ ಕತ್ತರಿಸುವುದು, ತಂಗಿ ಹೊಲಿಯುವುದು ಅಂತ ಇಬ್ಬರೂ ಸೇರಿ ನಡೆಸಿಕೊಂಡು ಬಂದಿದ್ದರು. ಕೆಳಗೆ ಉದ್ದನೆಯ ಒಂದು ಕೋಣೆ, ಕಿಟಕಿಯ ಬೆಳಕಿಗೆ ಎರಡು ಮಷೀನು. ಮೇಲೆ ಅವರ ವಾಸ. ಮಕ್ಕಳ ಬಟ್ಟೆಗೆ ಹೆಸರಾದ ಅಂಗಡಿ. ತಂಗಿಯನ್ನು ಚಿಕ್ಕಿ ಅಂತ ಮೊದಲು ಕರೆದದ್ದು ಅಕ್ಕನ ಮಗಳು. ಆ ಹುಡುಗಿ ದಿನಾ ಬಾಗಿಲಲ್ಲಿ ನಿಂತು ಕೂಗಿ ಕೂಗಿ ಬೀದಿಗೆಲ್ಲ ಅವಳು ಚಿಕ್ಕಿಯಾಗಿಬಿಟ್ಟಳು. ಎದುರಿನ ಇಸ್ತ್ರಿ ಅಂಗಡಿಯ ಮುದುಕ ಅವಳಿಗಿಂತ ಎಷ್ಟೋ ದೊಡ್ಡವನು, ಅವನೂ "ಏನ್ ಚಿಕ್ಕಿ, ಆಯ್ತಾ ಊಟ?" ಅಂತಲೇ ಮಾತಾಡಿಸುತ್ತಿದ್ದ.

ಆ ಮಗಳು ಈಗ ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು, ಮಡಿಲಲ್ಲಿ ತನ್ನ ಎಳೆಮಗು. "ಚಿಕ್ಕಿ, ಅದು ಇಲ್ಲೇ ಎಲ್ಲೋ ಇರುತ್ತೆ ಬಿಡು. ಸ್ವಲ್ಪ ಇವಳನ್ನ ಹಿಡ್ಕೋ, ನಾನು ಹುಡುಕಿಕೊಡ್ತೀನಿ," ಅಂದಳು.

"ಬೇಡ ಬೇಡ. ಕೈಯೆಲ್ಲ ಮಷೀನ್ ಎಣ್ಣೆ."

ಮಗಳು ಚಿಕ್ಕಿಯ ಕೈ ನೋಡಿದಳು. ಎಣ್ಣೆ ಇರಲಿಲ್ಲ. ಮಗುವಿನ ಟೊಪ್ಪಿ ಸರಿಮಾಡಿದಳು.

ಮೊನೆ ಹುಡುಕುವುದನ್ನು ಚಿಕ್ಕಿ ಕಲಿತದ್ದು ಹಿಂದೆ ಕೆಲಸ ಮಾಡುತ್ತಿದ್ದ ಗಾರ್ಮೆಂಟ್ ಕಾರ್ಖಾನೆಯಲ್ಲಿ. ಅಲ್ಲಿ ಸೂಜಿ ಮುರಿದರೆ ಕೈಯೆತ್ತಬೇಕು. ತುಂಡುಗಳೆಲ್ಲ ಸಿಗಬೇಕು, ಬಿಳಿ ಹಾಳೆಯ ಮೇಲೆ ಅವನ್ನು ಜೋಡಿಸಿ ಟೇಪು ಅಂಟಿಸಿ ತೋರಿಸಬೇಕು. ಆಮೇಲೇ ಹೊಸ ಸೂಜಿ ಕೊಡುತ್ತಿದ್ದದ್ದು. ಒಂದು ಚೂರು ಸಿಗದಿದ್ದರೆ ಆ ಕಟ್ಟಿನ ಬಟ್ಟೆಯನ್ನೆಲ್ಲ ಪಕ್ಕಕ್ಕಿಡುತ್ತಿದ್ದರು. ಒಳ್ಳೆಯ ನಿಯಮವೇ. ಯಾರೋ ಕೂಸಿನ ಮೈಗೆ ಹಾಕುವ ಬಟ್ಟೆಯಲ್ಲಿ ಮೊನೆ ಉಳಿಯಬಾರದಲ್ಲ. ಸೂಪರ್‌ವೈಸರು ಎಲ್ಲರೆದುರು "ಇವಳನ್ನ ನೋಡಿ ಕಲೀರಿ" ಅಂದಾಗ ಚಿಕ್ಕಿಗೆ ನಾಚಿಕೆಯಾಗಿ ಕಿವಿ ಕೆಂಪಾಗಿತ್ತು.

ಕಾರ್ಖಾನೆ ಬಿಟ್ಟು ವರ್ಷಗಳಾದರೂ ಆ ನಿಯಮ ಅವಳನ್ನು ಬಿಡಲಿಲ್ಲ, ಬೆಳೆಯುತ್ತಾ ಹೋಯಿತು. ಮೊದಮೊದಲು ಸೂಜಿ ಮುರಿದಾಗ ಮಾತ್ರ ಹುಡುಕುತ್ತಿದ್ದಳು. ಆಮೇಲೆ ಮುರಿಯದಿದ್ದರೂ, ಮುರಿದದ್ದು ತನಗೆ ಗೊತ್ತಾಗದೆ ಹೋಗಿದ್ದರೆ ಅಂತ ಹುಡುಕತೊಡಗಿದಳು. ಅಯಸ್ಕಾಂತ ಕೊಂಡು ತಂದಳು. ಹೊಲಿದು ಮುಗಿದ ಅಂಗಿಯ ಮೇಲೆ ಅದನ್ನು ಆಡಿಸುವಳು, ಅಂಗಿ ತಿರುವಿ ಒಳಗೂ ಆಡಿಸುವಳು, ಅಷ್ಟರಲ್ಲಿ ಹೊರಮೈ ಸರಿಯಾಗಿ ನೋಡಿದೆನೋ ಇಲ್ಲವೋ ಅಂತ ಅನುಮಾನ ಬಂದು ಮತ್ತೆ ತಿರುವುವಳು. ಗಂಟೆಯ ಕೆಲಸ ಅರ್ಧ ದಿನ ಹಿಡಿಯುತ್ತಿತ್ತು. ಅಂಗಡಿಯಿಂದ ಮೇಲೆ ಹತ್ತುವ ಮೊದಲು ಬಟ್ಟೆ ಕೊಡವಿ, ಜಡೆ ಬಿಚ್ಚಿ ಬಾಚಿ, ಉಗುರುಸಂದಿ ನೋಡಿಕೊಳ್ಳುತ್ತಿದ್ದಳು. ಇಷ್ಟಾದರೂ ಅಕ್ಕನನ್ನು ಕೇಳಲೇಬೇಕು.

"ಅಕ್ಕಾ, ಏನೂ ಇಲ್ಲ ತಾನೇ?"

"ಇಲ್ಲ ಕಣೇ."

"ಸರಿಯಾಗಿ ನೋಡಿದ್ಯಾ?"

"ನೋಡ್ದೆ. ಕಣ್ಣು ಕಿತ್ತು ಅಲ್ಲೇ ಇಟ್ಟುಬಿಡ್ಲಾ?"

ಆ ಉತ್ತರದಿಂದ ಎದೆ ತಣ್ಣಗಾಗುತ್ತಿತ್ತು. ಮೆಟ್ಟಿಲು ಹತ್ತುವಷ್ಟು ಹೊತ್ತು.

ಮಗು ಹುಟ್ಟಿದ ಮೇಲಂತೂ ಹೇಳತೀರದು. ಮಗುವನ್ನು ಕಂಡರೆ ಅವಳಿಗೆ ಪ್ರಾಣ. ಎತ್ತಿಕೊಳ್ಳಬೇಕೆಂದು ತೋಳು ಜುಮ್ಮೆನ್ನುತ್ತಿತ್ತು. ಅದೇ ಕ್ಷಣಕ್ಕೆ ತಲೆಯೊಳಗೆ ಒಂದು ಚಿತ್ರ ಬಂದು ನಿಲ್ಲುತ್ತಿತ್ತು. ತನ್ನ ತೋಳಿನ ಮಡಿಕೆಯಲ್ಲಿ ಎಲ್ಲೋ ಕೂತ ಮೊನೆ, ಆ ಬೆಣ್ಣೆಯಂಥ ಮೈ. ಚಿತ್ರ ಅಲ್ಲಿಗೇ ನಿಲ್ಲುತ್ತಲೂ ಇರಲಿಲ್ಲ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಇಂಥದ್ದನ್ನು ಯೋಚಿಸುವವಳು ಎಂಥ ಹೆಂಗಸು ಅಂದುಕೊಂಡಾರು. ಹಾಗಾಗಿ ಒಂದು ದಿನ ಎಣ್ಣೆ ಕೈ, ಒಂದು ದಿನ ಶೀತ, ಒಂದು ದಿನ ಬೆನ್ನುನೋವು.

"ಸಿಕ್ತು, ಬಾ ಇಲ್ಲಿ," ಅಂದಳು ಅಕ್ಕ. ಮಷೀನಿನ ಕಾಲಡಿ ಬಗ್ಗಿದ್ದವಳು ನಡು ಹಿಡಿದುಕೊಂಡು ಎದ್ದಳು. ಬೆರಳ ತುದಿಯಲ್ಲಿ ಮೊನೆ ಮಿನುಗುತ್ತಿತ್ತು.

ಚಿಕ್ಕಿ ಎರಡು ತುಂಡನ್ನೂ ಹಾಳೆಯ ಮೇಲೆ ಜೋಡಿಸಿದಳು. "ಸರಿಯಾಗಿ ಕೂರ್ತಿಲ್ಲ ಅನ್ಸುತ್ತಕ್ಕ."

"ಕೂತಿದೆ. ಅದೇನು ಒಡೆದ ಬಳೆನಾ ಚೂರು ಚೂರು ಹೊಂದಿಸೋಕೆ? ಟೇಪ್ ಹಚ್ಚು."

ಮಾರನೆಯ ದಿನ ಬೆಳಿಗ್ಗೆ ಅಂಗಡಿ ತೆರೆಯುತ್ತಲೇ ಚಿಕ್ಕಿ ಮಷೀನು ಶುಚಿಮಾಡಲು ಕೂತಳು. ಇದು ಅವಳ ದಿನದ ರೂಢಿ. ಕೆಳದಾರದ ಬಾಬಿನ್ ತೆಗೆದು, ಸೂಜಿ ಕೆಳಗಿನ ತಗಡು ಬಿಚ್ಚಿ, ಬಟ್ಟೆ ಎಳೆಯುವ ಹಲ್ಲುಗಳ ನಡುವೆ ಸಿಕ್ಕಿಕೊಂಡ ನೂಲಿನ ಧೂಳನ್ನು ಬ್ರಷ್ಷಿನಿಂದ ಕೆರೆದು ತೆಗೆಯುವಳು. ಬೂದುಬಣ್ಣದ ಒಂದು ಉಂಡೆ ಹಾಳೆಯ ಮೇಲೆ ಬಿತ್ತು. ಅದರೊಳಗಿಂದ ಏನೋ ಹೊಳೆಯಿತು.

ಸೂಜಿಯ ಮೊನೆ.

ಅವಳು ಅದನ್ನೇ ನೋಡುತ್ತಾ ಕೂತಳು. ಹಿಂದಿನ ದಿನ ಬೆಳಿಗ್ಗೆ ಇದೇ ಜಾಗವನ್ನು ಇದೇ ಬ್ರಷ್ಷಿನಿಂದ ತೆಗೆದಿದ್ದಳು, ಆಗ ಏನೂ ಇರಲಿಲ್ಲ. ಆಮೇಲೆ ಮುರಿದದ್ದು ಒಂದೇ ಸೂಜಿ. ಅದರ ಮೇಲಿನ ತುಂಡೂ ಕೆಳಗಿನ ತುಂಡೂ ಟೇಪಿನಡಿ ಇವೆ. ಒಂದು ಸೂಜಿಗೆ ಎರಡು ಮೊನೆ ಇರುವುದಿಲ್ಲ.

"ಅಕ್ಕಾ, ಇದು ಯಾವುದರದು?"

ಅಕ್ಕ ಕತ್ತರಿ ಓಡಿಸುತ್ತಲೇ ಓರೆಗಣ್ಣಿಂದ ನೋಡಿದಳು. ಕತ್ತರಿ ಬಟ್ಟೆಯ ಮಧ್ಯದಲ್ಲೇ ನಿಂತಿತು. ಅಕ್ಕ ಬಟ್ಟೆಯ ನಡುವೆ ಕತ್ತರಿ ನಿಲ್ಲಿಸುವವಳೇ ಅಲ್ಲ.

"ಹಳೇದಿರಬೇಕು."

"ಹಳೇದಲ್ಲ."

"ಹಾಗಾದ್ರೆ ಹೊಸದು."

"ಅಕ್ಕಾ."

ಅಕ್ಕ ಕತ್ತರಿ ಕೆಳಗಿಟ್ಟು ಕುರ್ಚಿಯ ಮೇಲೆ ಧೊಪ್ಪನೆ ಕೂತಳು. "ನಾನೇ ಮುರಿದೆ ಕಣೇ. ನಿನ್ನೆ ನೀನು ಬಾಗಿಲ ಕಡೆ ಹುಡುಕ್ತಿದ್ದಾಗ ಹೊಸ ಸೂಜೀನ ಇಕ್ಕಳದಲ್ಲಿ ಹಿಡಿದು ಮುರಿದು, ಮೊನೆ ಕೊಟ್ಟೆ. ಮುರಿಯೋದು ಏನ್ ಮಹಾ ಕಷ್ಟ."

"ನಿನ್ನೆ ಒಂದೇ ಸಲವಾ?"

ಅಕ್ಕ ಮೇಜಿನ ಮೇಲಿನ ಚೂರುಬಟ್ಟೆಯ ಎಳೆ ಕೀಳುತ್ತಾ ಕೂತಳು. "ನೀನು ಊಟ ಬಿಟ್ಟು ನೆಲ ಕೆರೀತಿದ್ದೆ. ಕಣ್ಣಲ್ಲಿ ನೋಡೋಕಾಗ್ಲಿಲ್ಲ. ಒಂದ್ಸಲ ಕೊಟ್ಟೆ, ನೀನು ನಗ್ತಾ ಎದ್ದು ಹೋದೆ. ಇಷ್ಟರಲ್ಲಿ ಮುಗಿಯೋದಾದ್ರೆ ಒಂದು ಸೂಜಿ ಹೋದ್ರೆ ಹೋಗ್ಲಿ ಅಂತ... ಆಮೇಲೆ ರೂಢಿ ಆಯ್ತು."

ಚಿಕ್ಕಿ ಟೇಪು ಹಚ್ಚಿದ ಹಾಳೆಯನ್ನು ಕೈಗೆತ್ತಿಕೊಂಡಳು. ಹಾಗಾದರೆ ಇಷ್ಟು ದಿನ ಹಾಳೆಗಳ ಮೇಲೆ ಅಂಟಿಸಿದ ಮೊನೆಗಳಲ್ಲಿ ಯಾವುದು ನಿಜ, ಯಾವುದು ಅಕ್ಕನದು? ನಿಜವಾದವು ಎಲ್ಲಿ ಹೋದವು? ಅವು ಹೋಗಲು ಒಂದೇ ಜಾಗ ಅಂತ ತಲೆ ಹೇಳಿತು. ಬಟ್ಟೆಯೊಳಗೆ.

ಅವಳು ಚೀಲ ಎತ್ತಿಕೊಂಡು ಹೊರಟೇಬಿಟ್ಟಳು.

ಮೊದಲ ಮನೆಯಲ್ಲಿ ತಾಯಿ ಬಾಗಿಲಲ್ಲೇ ಕಣ್ಣರಳಿಸಿದಳು. "ಆ ಅಂಗಿನಾ? ಮಗು ಹಾಕ್ಕೊಂಡು ಮಲಗಿದೆಯಲ್ಲ. ಈಗ ಬಿಚ್ಚಿದ್ರೆ ಎಬ್ಬಿಸಿದ ಪಾಪ ನಿಮಗೆ." ಆದರೂ ಒಳಗೆ ಹೋಗಿ ಇನ್ನೊಂದನ್ನು ತಂದುಕೊಟ್ಟಳು. ಎರಡನೆಯ ಮನೆಯಲ್ಲಿ ಬಟ್ಟೆ ಚಿಕ್ಕದಾಗಿ ಯಾರಿಗೋ ಕೊಟ್ಟಾಗಿತ್ತು. ಯಾರಿಗೆ, ಅವರ ಮನೆ ಎಲ್ಲಿ ಅಂತ ಚಿಕ್ಕಿ ಮತ್ತೆ ಮತ್ತೆ ಕೇಳಿದ್ದಕ್ಕೆ ಅವರು ಬಾಗಿಲು ಅರೆ ಮುಚ್ಚಿದರು. ಮೂರನೆಯ ಮನೆಯ ಯಜಮಾನ ಹೆದರಿದ. "ಸೂಜಿ ಇದೆ ಅಂತೀರಾ? ನಮ್ಮ ಮಗುವಿನ ಬಟ್ಟೇಲಿ?" "ಇದೆ ಅಂತಲ್ಲ, ಇರಬಹುದು ಅಂತ," ಅಂದಳು ಚಿಕ್ಕಿ. "ಇರಬಹುದು ಅಂದ್ರೇನ್ರೀ ಅರ್ಥ?" ಅಂತ ಅವನು ಚಪ್ಪಲಿ ಮೆಟ್ಟಿಕೊಂಡು ಅವಳ ಹಿಂದೆಯೇ ಅಂಗಡಿಗೆ ಬಂದ. ದಾರಿಯಲ್ಲಿ ಇನ್ನೂ ಇಬ್ಬರು ಸೇರಿಕೊಂಡರು. ಸಂಜೆ ಮಗಳು ಮಗುವನ್ನೆತ್ತಿಕೊಂಡು ಬಂದಾಗ ಅಂಗಡಿ ತುಂಬ ಜನ. ಅಕ್ಕ ಒಬ್ಬೊಬ್ಬರ ಎದುರೂ ಬಟ್ಟೆ ಹಿಂಡಿ, ಕೆನ್ನೆಗೆ ಉಜ್ಜಿ ತೋರಿಸಿ ಸಮಾಧಾನ ಹೇಳುತ್ತಿದ್ದಳು. ಚಿಕ್ಕಿ ಮೂಲೆಯಲ್ಲಿ ನೆಲದ ಮೇಲೆ ಕೂತು ತಂದ ಅಂಗಿಗಳ ಹೊಲಿಗೆ ಬಿಚ್ಚುತ್ತಿದ್ದಳು. ಚೆನ್ನಾಗಿ ಹೊಲಿದ ಅಂಗಿಗಳು.

ಜನ ಹೋದ ಮೇಲೆ ಮಗಳು ಬಾಗಿಲು ಮುಂದೆ ಮಾಡಿದಳು. ವಿಷಯವನ್ನೆಲ್ಲ ಅಕ್ಕನಿಂದ ಕೇಳಿದಳು. ಆಮೇಲೆ ಚಿಕ್ಕಿಯ ಎದುರು ಬಂದು ನೆಲದ ಮೇಲೆಯೇ ಕೂತಳು.

"ಚಿಕ್ಕಿ, ನಾನೊಂದು ಕೇಳ್ತೀನಿ. ನನ್ನ ಮಗು ಕಂಡ್ರೆ ನಿಂಗೆ ಆಗಲ್ಲ ಅಂತ ನಾನು ತಿಳ್ಕೊಂಡಿದ್ದೆ. ಹಾಗಾದ್ರೆ ಅದಲ್ವಾ?"

ಚಿಕ್ಕಿಯ ಕೈಯಿಂದ ಹೊಲಿಗೆ ಬಿಚ್ಚುವ ಕೊಕ್ಕೆ ಜಾರಿತು.

"ನನ್ನನ್ನ ಸೊಂಟದ ಮೇಲಿಂದ ಇಳಿಸದೆ ಸಾಕಿದೋಳು ನೀನು. ಇವಳನ್ನ ಒಂದು ಸಲವೂ ಮುಟ್ಟಲಿಲ್ಲ. ಆಸ್ಪತ್ರೆಗೂ ಬಂದು ಬಾಗಿಲಲ್ಲೇ ನಿಂತು ಹೋದೆ. ನಾನೇನು ತಪ್ಪು ಮಾಡಿದೆ ಅಂತ ಎಷ್ಟು ಅತ್ತಿದೀನಿ ಗೊತ್ತಾ?"

"ಚುಚ್ಚಿಬಿಡುತ್ತೆ ಅಂತ," ಅಂದಳು ಚಿಕ್ಕಿ. "ನನ್ನ ಮೈಮೇಲೆ ಎಲ್ಲೋ ಇರುತ್ತೆ. ಇವಳಿಗೆ ಚುಚ್ಚಿಬಿಡುತ್ತೆ."

ಮಗಳು ಜಾರಿದ ಕೊಕ್ಕೆಯನ್ನು ಎತ್ತಿ ಪಕ್ಕಕ್ಕಿಟ್ಟಳು. ಅವಳು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸದವಳು. ಮುಂದಿನ ತಿಂಗಳ ಕೊನೆಗೆ ರಜೆ ಮುಗಿಯುತ್ತಿತ್ತು. ಹಗಲು ಮಗುವನ್ನು ಚಿಕ್ಕಿಯ ಹತ್ತಿರ ಬಿಡುವುದೆಂದು ಬಸುರಿಯಾಗಿದ್ದಾಗಿನಿಂದ ಅಂದುಕೊಂಡು, ಈಗೀಗ ಆ ಮಾತೆತ್ತುವುದನ್ನೇ ಬಿಟ್ಟಿದ್ದಳು.

"ನಮ್ಮ ಕಚೇರೀಲಿ ಒಬ್ರಿದ್ರು," ಅಂದಳು ಕಡೆಗೆ. "ಚರ್ಮ ಸುಲಿಯೋ ಹಂಗೆ ಕೈ ತೊಳೀತಿದ್ರು. ಇದೂ ಅದರ ಜಾತೀದೇ ಅನ್ಸುತ್ತೆ. ಅವರು ಆಸ್ಪತ್ರೆಗೆ ಹೋಗಿ ತೋರಿಸ್ಕೊಂಡ್ರು. ಅಲ್ಲೇ ಇಟ್ಕೊಳ್ಳಲ್ಲ, ಬೆಳಿಗ್ಗೆ ಹೋಗಿ ಮಧ್ಯಾಹ್ನ ಮನೆಗೆ ಬರ್ತಿದ್ರು. ನಾನು ಸೋಮವಾರ ಕರ್ಕೊಂಡು ಹೋಗ್ತೀನಿ."

"ಮಾನಸಿಕ ಆಸ್ಪತ್ರೆಗಾ?" ಅಂದಳು ಅಕ್ಕ. "ಬೀದೀಲಿ ಗೊತ್ತಾದ್ರೆ?"

"ಇವತ್ತು ಬೀದೀಲಿ ಯಾವ ಮನೆ ಬಿಟ್ಟಿದ್ದಾಳೆ ಅಮ್ಮ? ಗೊತ್ತಾಗೋಕೆ ಇನ್ನೇನು ಉಳಿದಿದೆ?" ಚಿಕ್ಕಿಯ ಕಡೆ ತಿರುಗಿದಳು. "ಒಂದು ಮಾತು ಹೇಳಿಬಿಡ್ತೀನಿ. ನಿನ್ನ ಹತ್ತಿರ ಬಿಡೋಕೆ ನನಗೆ ಹೆದರಿಕೆ ಇಲ್ಲ. ಆದ್ರೆ ಅತ್ತರೆ ಎತ್ತಿಕೊಳ್ಳದವರ ಹತ್ತಿರ ಕೂಸನ್ನ ಹೇಗೆ ಬಿಡ್ಲಿ? ಆಗಲ್ಲ ಅಂದ್ರೆ ಹೇಳು, ಬೇರೆಯವರನ್ನ ನೋಡ್ತೀನಿ. ನನಗೆ ಅದು ಇಷ್ಟ ಇಲ್ಲ."

ಆ ಸೋಮವಾರದವರೆಗೆ ಚಿಕ್ಕಿ ಸರಿಯಾಗಿ ನಿದ್ದೆ ಮಾಡಲಿಲ್ಲ.

ಮಾನಸಿಕ ವಿಭಾಗದ ಹೊರರೋಗಿ ಕೊಠಡಿ ಆಸ್ಪತ್ರೆಯ ಮೇಲಂತಸ್ತಿನ ತುದಿಯಲ್ಲಿತ್ತು. ಬೆಂಚಿನ ಮೇಲೆ ಕೂತವರನ್ನು ಚಿಕ್ಕಿ ಕದ್ದು ಕದ್ದು ನೋಡಿದಳು. ಒಬ್ಬಾತ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ, ಒಬ್ಬ ಹುಡುಗಿ ಬಿಸ್ಕತ್ತು ತಿನ್ನುತ್ತಿದ್ದಳು. ಬಸ್ ನಿಲ್ದಾಣದಲ್ಲಿ ಕೂತವರ ಹಾಗೇ ಇದ್ದರು. ಕಿಟಕಿಯಲ್ಲಿದ್ದ ಗುಮಾಸ್ತ ಚಿಕ್ಕಿಯ ಚೀಟಿಗಳನ್ನು ಒಟ್ಟುಗೂಡಿಸಿ ಒಂದು ಗುಂಡುಸೂಜಿ ಚುಚ್ಚಿ ಕೈಗೆ ಕೊಟ್ಟ. ಚಿಕ್ಕಿ ಅದನ್ನು ಎರಡು ಬೆರಳಿನಲ್ಲಿ, ಸತ್ತ ಇಲಿಯನ್ನು ಹಿಡಿದಂತೆ, ಮೈಯಿಂದ ದೂರ ಹಿಡಿದು ಕೂತಳು.

ಡಾಕ್ಟರು ಕನ್ನಡಕದ ಮೇಲಿಂದ ಮೊದಲು ನೋಡಿದ್ದು ಅದನ್ನೇ. "ಅದು ಕಷ್ಟ ಆಗ್ತಿದೆಯಾ?" ಅಂದರು.

ಆಮೇಲೆ ಮಾತು ಸಲೀಸಾಯಿತು. ಅವರು ತುಂಬ ಕೇಳಿದರು. ಎಷ್ಟು ಹೊತ್ತು ಹೋಗುತ್ತದೆ, ಹುಡುಕದಿದ್ದರೆ ಏನಾಗುತ್ತದೆ, ಹುಡುಕಿದ ಮೇಲೆ ನೆಮ್ಮದಿ ಎಷ್ಟು ಹೊತ್ತು ಇರುತ್ತದೆ.

"ಮೆಟ್ಟಿಲು ಹತ್ತೋವರೆಗೆ," ಅಂದಳು ಚಿಕ್ಕಿ.

ಅವರು ತಲೆಯಾಡಿಸಿದರು. ಇದಕ್ಕೆ ಗೀಳು ಕಾಯಿಲೆ ಅನ್ನುತ್ತಾರೆ ಅಂದರು. ಬೇಡವೆಂದರೂ ನುಗ್ಗಿ ಬರುವ ಯೋಚನೆ ಒಂದು ಕಡೆ, ಅದರ ಬಾಯಿ ಮುಚ್ಚಿಸಲು ಮಾಡಲೇಬೇಕಾಗುವ ಕೆಲಸ ಇನ್ನೊಂದು ಕಡೆ. ಕೆಲಸ ಮಾಡಿದಷ್ಟೂ ಯೋಚನೆಗೆ ಬಲ ಬರುತ್ತದೆ. ಹುಚ್ಚಲ್ಲ, ಕೆಟ್ಟತನವೂ ಅಲ್ಲ, ಬಹಳ ಜನಕ್ಕೆ ಬರುತ್ತದೆ. ಮಾತ್ರೆ ಬರೆದುಕೊಟ್ಟರು. ಗುಣ ಕಾಣಲು ವಾರಗಳು ಬೇಕು, ನಡುವೆ ನಿಲ್ಲಿಸಬೇಡಿ ಅಂದರು. ವಾರಕ್ಕೊಮ್ಮೆ ಪಕ್ಕದ ಕೋಣೆಯ ಥೆರಪಿಸ್ಟ್ ಹತ್ತಿರ ಬರಬೇಕು.

ಥೆರಪಿಸ್ಟ್ ಮಗಳ ವಯಸ್ಸಿನವಳು. ಇಷ್ಟು ಚಿಕ್ಕವಳ ಮುಂದೆ ಏನು ಹೇಳುವುದು ಅಂತ ಚಿಕ್ಕಿ ಮೊದಲ ಸಲ ಕಿಟಕಿಯನ್ನೇ ನೋಡುತ್ತಾ ಕೂತಳು. ಎರಡನೆಯ ಸಲ, ಹೊರಡುವ ಹೊತ್ತಿಗೆ, ಬಾಗಿಲ ಹಿಡಿಯ ಮೇಲೆ ಕೈಯಿಟ್ಟುಕೊಂಡು ಆ ಚಿತ್ರದ ಬಗ್ಗೆ ಹೇಳಿಬಿಟ್ಟಳು. ಮಗು, ಮೊನೆ, ಆಮೇಲಿನದ್ದು. ಹೇಳಿ ಮುಗಿಸಿ, ಈಗ ಯಾರನ್ನಾದರೂ ಕರೆಯುತ್ತಾಳೆ ಅಂತ ಕಾದಳು.

"ಆ ಚಿತ್ರ ಬಂದಾಗ ನಿಮಗೆ ಏನನ್ಸುತ್ತೆ?"

"ಸತ್ತುಹೋಗಬೇಕು ಅನ್ಸುತ್ತೆ... ಅಂದ್ರೆ ಅಷ್ಟು ಹೆದರಿಕೆ."

ಸಾಯುವ ಯೋಚನೆ ನಿಜವಾಗಿ ಇದೆಯಾ ಅಂತ ಥೆರಪಿಸ್ಟ್ ನೇರವಾಗಿ ಕೇಳಿದಳು. ಇಲ್ಲ, ಮಾತಿಗೆ ಅಂದೆ ಅಂದಳು ಚಿಕ್ಕಿ. "ಸರಿ. ಇಂಥ ಚಿತ್ರಗಳ ಬಗ್ಗೆ ಇಲ್ಲಿಗೆ ಬರೋ ತಾಯಂದಿರಲ್ಲಿ ಎಷ್ಟೋ ಜನ ಹೇಳ್ತಾರೆ. ಅದು ನಿಮ್ಮ ಆಸೆ ಅಲ್ಲ. ಯಾವುದು ನಿಮಗೆ ಎಲ್ಲಕ್ಕಿಂತ ಹೆಚ್ಚೋ ಅಲ್ಲೇ ಹೋಗಿ ಕಚ್ಚುತ್ತೆ ಈ ಕಾಯಿಲೆ. ಮುಂದಿನ ವಾರ ಇದರಿಂದಲೇ ಶುರು ಮಾಡೋಣ, ಬಾಗಿಲ ಹತ್ತಿರ ಅಲ್ಲ, ಕೂತ್ಕೊಂಡು."

"ಆದ್ರೆ ಸೂಜಿ ಹುಡುಕೋದು ತಪ್ಪಾ? ಕಾರ್ಖಾನೇಲಿ ಇದೇ ನಿಯಮ."

"ಮುರಿದಾಗ ಹುಡುಕೋದು ಟೈಲರ್ ಕೆಲಸ. ಅದನ್ನ ಬಿಡಿ ಅಂತ ನಾನು ಹೇಳಲ್ಲ. ಕಾರ್ಖಾನೇಲಿ ಮನೆಗೆ ಹೋಗಿ ಜಡೆ ಬಿಚ್ಚಿ ನೋಡಿ ಅಂದಿದ್ರಾ?"

ಅಂದಿರಲಿಲ್ಲ.

ಮೂರನೆಯ ವಾರ ಅಕ್ಕನನ್ನೂ ಕರೆಸಿದರು. ಅಕ್ಕ ಒಳ್ಳೆಯ ಬಟ್ಟೆ ಉಟ್ಟುಕೊಂಡು, ಚೀಲ ಮಡಿಲಲ್ಲಿಟ್ಟುಕೊಂಡು, ತಪ್ಪು ಒಪ್ಪಿಕೊಳ್ಳಲು ತಯಾರಾಗಿ ಕೂತಿದ್ದಳು. "ಸುಳ್ಳು ಮೊನೆ ಕೊಟ್ಟಿದ್ದು ತಪ್ಪು ಮೇಡಂ. ಇನ್ಮೇಲೆ ನಿಜವಾಗ್ಲೂ ನೋಡಿ, ಆಮೇಲೇ ಏನೂ ಇಲ್ಲ ಅಂತ ಹೇಳ್ತೀನಿ."

"ಅದೂ ಬೇಡ."

"ಸುಳ್ಳು ಹೇಳಿದ್ರೂ ತಪ್ಪು, ನಿಜ ಹೇಳಿದ್ರೂ ತಪ್ಪಾ?"

"ಉತ್ತರವೇ ಬೇಡ. ನೀವು ಇಲ್ಲ ಅಂದಾಗ ಅವರಿಗೆ ತಣ್ಣಗಾಗುತ್ತೆ, ಸ್ವಲ್ಪ ಹೊತ್ತಿಗೆ ಮತ್ತೆ ಕೇಳಬೇಕಾಗುತ್ತೆ. ಅವರು ಕೇಳಿದಾಗ, ಅದಕ್ಕೆ ನಾನು ಉತ್ತರ ಕೊಡಲ್ಲ, ಆದ್ರೆ ನಿನ್ನ ಜೊತೆ ಇದ್ದೀನಿ, ಅನ್ನಿ."

ಅಕ್ಕ ಯೋಚಿಸಿದಳು. "ಬಾಯಿ ಮುಚ್ಕೊಂಡಿರು ಅಂತ ನಮ್ಮಮ್ಮನಿಂದ ಹಿಡಿದು ಎಲ್ಲರೂ ಹೇಳಿದ್ದಾರೆ. ಔಷಧಿ ಅಂತ ಹೇಳಿದೋರು ನೀವೇ ಮೊದಲು."

ಚಿಕ್ಕಿಗೆ ನಗು ಬಂತು. ಥೆರಪಿಸ್ಟಳಿಗೂ.

ಕೆಲಸ ಚಿಕ್ಕದರಿಂದ ಶುರುವಾಯಿತು. ಮೊದಲು ಒಂದು ಕರವಸ್ತ್ರ ಹೊಲಿದು, ಅಯಸ್ಕಾಂತ ಆಡಿಸದೆ ಅಕ್ಕನ ಕೈಗೆ ಕೊಡಬೇಕು. ಕೊಟ್ಟಮೇಲೆ ಏಳುವ ಹೆದರಿಕೆಯನ್ನು ಏನೂ ಮಾಡದೆ, ಓಡಿಸದೆ, ಅದು ತಾನಾಗಿ ಇಳಿಯುವವರೆಗೆ ಜೊತೆಯಲ್ಲಿಟ್ಟುಕೊಂಡು ಕೂರಬೇಕು. ಕೇಳಲು ಹೂ ಎತ್ತಿದಷ್ಟು ಹಗುರ. ಚಿಕ್ಕಿಗೆ ಕೂರಲಾಗುತ್ತಿರಲಿಲ್ಲ. ಎದ್ದು ಅಂಗಡಿಯ ಉದ್ದಕ್ಕೂ ತಿರುಗುವಳು. ಇಸ್ತ್ರಿ ಮುದುಕ ಎದುರಿನಿಂದ, "ಏನ್ ಚಿಕ್ಕಿ, ನೆಲ ಅಳೀತಿದೀಯಾ?" ಅಂತ ಕೂಗುವನು.

"ಅಕ್ಕಾ, ಅದರಲ್ಲಿ ಏನೂ ಇಲ್ಲ ತಾನೇ?"

ಅಕ್ಕ ತುಟಿ ಬಿಗಿಹಿಡಿದು, ಕೆನ್ನೆ ಉಬ್ಬಿಸಿ, ಕಡೆಗೆ, "ಉತ್ತರ ಕೊಡಲ್ಲ. ಜೊತೆಗಿದೀನಿ," ಅನ್ನುವಳು. ಶಾಲೆಯಲ್ಲಿ ಪದ್ಯ ಒಪ್ಪಿಸಿದ ಹಾಗೆ.

"ಅಕ್ಕಾ, ಒಂದೇ ಸಲ."

"ಅಯ್ಯೋ, ನನ್ನ ಹೊಟ್ಟೆ ಉರಿಸಬೇಡ ಕಣೇ. ಹೇಳಿದ್ರೆ ಆಸ್ಪತ್ರೆ ಹುಡುಗಿ ನನ್ನನ್ನೇ ಬೈತಾಳೆ."

ಎಲ್ಲ ಸರಾಗವಾಗಿ ಹೋಯಿತು ಅಂತಲ್ಲ. ಮಾತ್ರೆಗೆ ಮೊದಮೊದಲು ಹೊಟ್ಟೆ ತೊಳಸುತ್ತಿತ್ತು. ಅಯಸ್ಕಾಂತ ಬಿಟ್ಟವಳು, ಬಟ್ಟೆ ಮಡಿಸುವ ನೆಪದಲ್ಲಿ ಹೊಲಿಗೆಯ ಉದ್ದಕ್ಕೂ ಬೆರಳೊತ್ತಿ ನೋಡತೊಡಗಿದಳು. ಇದು ಬರೀ ಮಡಿಸುವುದು ಅಂತ ತನಗೆ ತಾನೇ ಹೇಳಿಕೊಂಡಳು. ಥೆರಪಿಸ್ಟಳಿಗೆ ಹೇಳುವಾಗ ನಾಚಿಕೆಯಾಗಿ, ಕಾಪಿ ಹೊಡೆದು ಸಿಕ್ಕಿಬಿದ್ದವಳಂತೆ ತಲೆ ತಗ್ಗಿಸಿದಳು. ಥೆರಪಿಸ್ಟ್, "ಅದು ಜಾಣ ಕಾಯಿಲೆ, ಬಾಗಿಲು ಮುಚ್ಚಿದ್ರೆ ಕಿಟಕಿಯಿಂದ ಬರುತ್ತೆ," ಅಂದಳು, ಅಷ್ಟೇ. ಇನ್ನೊಂದು ವಾರ ಬೇರೆಯೇ ಅನುಮಾನ ಕೊರೆಯಿತು. ನನಗೆ ಕಾಯಿಲೆಯೇ ಇಲ್ಲದಿದ್ದರೆ? ಇವರೆಲ್ಲ ಕಾಯಿಲೆ ಕಾಯಿಲೆ ಅನ್ನುತ್ತಿರುವಾಗ ನಿಜವಾಗಿಯೂ ಎಲ್ಲೋ ಒಂದು ಮೊನೆ ಇದ್ದುಬಿಟ್ಟರೆ?

"ಇರಬಹುದಾ?" ಅಂತ ಥೆರಪಿಸ್ಟಳನ್ನೇ ಕೇಳಿದಳು.

"ನನಗೂ ಗೊತ್ತಿಲ್ಲ. ಗೊತ್ತಿಲ್ಲದೆಯೂ ಬದುಕೋದನ್ನ ಕಲಿಯೋಕೇ ನೀವಿಲ್ಲಿಗೆ ಬರ್ತಿರೋದು."

ಚಿಕ್ಕಿಗೆ ಸಿಟ್ಟೇ ಬಂತು. ಇಷ್ಟು ದೂರ ಬಸ್ಸು ಹತ್ತಿ ಬಂದದ್ದು ಗೊತ್ತಿಲ್ಲ ಅನ್ನಿಸಿಕೊಳ್ಳುವುದಕ್ಕಾ? ಮನೆಗೆ ಬಂದು ಅಕ್ಕನ ಮುಂದೆ ಹಾರಾಡಿದಳು. ಆದರೆ ಆ ವಾರ ಒಂದು ಅಂಗಿ ಹೊಲಿದು, ಮುಟ್ಟಿ ನೋಡದೆ, ಇಸ್ತ್ರಿಗೆ ಕೊಟ್ಟುಬಂದಳು. ಸಂಜೆಯವರೆಗೆ ತಳಮಳಿಸಿದಳು. ರಾತ್ರಿ ಊಟಕ್ಕೆ ಕೂತಾಗ, ಅರ್ಧ ಊಟವಾದ ಮೇಲೆ, ಸ್ವಲ್ಪ ಹೊತ್ತಿನಿಂದ ಅದರ ನೆನಪೇ ಬಂದಿರಲಿಲ್ಲ ಅನ್ನುವುದು ನೆನಪಾಯಿತು. ನೆನಪಾದದ್ದೇ ತಡ, ಮತ್ತೆ ಅದೇ ಅಂಗಿ ಕಣ್ಣ ಮುಂದೆ ಬಂತು.

ಮಗಳ ರಜೆ ಮುಗಿಯುತ್ತಾ ಬಂದಿತ್ತು. ಮಗುವಿನ ಪಕ್ಕ ಕೂರುವುದು ಆಗಿತ್ತು, ಅದರ ಕಾಲು ಮುಟ್ಟುವುದೂ ಆಗಿತ್ತು. ಎತ್ತಿಕೊಳ್ಳುವುದು ಮಾತ್ರ ಬಾಕಿ. ಅದನ್ನು ಅಂಗಡಿಯಲ್ಲೇ, ಕೆಲಸದ ಬಟ್ಟೆಯಲ್ಲೇ ಮಾಡಬೇಕು, ಮೊದಲು ಮೈ ಕೊಡವಬಾರದು ಅಂತ ಚಿಕ್ಕಿಯೂ ಥೆರಪಿಸ್ಟಳೂ ಸೇರಿ ಗೊತ್ತುಮಾಡಿದ್ದರು. ದಿನ ಮಾತ್ರ ಗೊತ್ತುಮಾಡಿರಲಿಲ್ಲ. ಮಗಳು ಒಂದು ಗುರುವಾರ ಬಂದಳು.

"ನಾಳಿದ್ದು ಕಚೇರಿಗೆ ಹೋಗಿ ಹೇಳಬೇಕು ಚಿಕ್ಕಿ, ಸೋಮವಾರದಿಂದ ಬರ್ತೀನೋ ಇಲ್ವೋ ಅಂತ. ಎರಡು ಬೀದಿ ಆಚೆ ಮಕ್ಕಳನ್ನ ನೋಡ್ಕೊಳ್ಳೋ ಒಬ್ರಿದ್ದಾರೆ. ಅವರಂತೂ ಇವತ್ತೇ ಹೇಳಿ ಅಂತಿದ್ದಾರೆ."

ಚಿಕ್ಕಿ ಮಷೀನಿನಿಂದ ಎದ್ದಳು. ಮಡಿಲಿನಿಂದ ನೂಲಿನ ಚೂರುಗಳು ಉದುರಿದವು. ಕೊಡವಲು ಎತ್ತಿದ ಕೈಯನ್ನು ಹಾಗೇ ಮುಂದಕ್ಕೆ ಚಾಚಿದಳು. "ಕೊಡು."

ಮಗಳು ಅಮ್ಮನ ಮುಖ ನೋಡಿದಳು. ಅಕ್ಕ ತನ್ನ ಕತ್ತರಿಯನ್ನೇ ನೋಡುತ್ತಿದ್ದಳು. ಮಗಳು ಮಗುವನ್ನು ಕೊಟ್ಟಳು.

ಅಂದುಕೊಂಡಿದ್ದಕ್ಕಿಂತ ಭಾರವಿತ್ತು. ಬೆಚ್ಚಗಿತ್ತು. ತಲೆಯ ಹತ್ತಿರ ಹಾಲಿನ ವಾಸನೆ. ಚಿಕ್ಕಿ ಉಸಿರು ಬಿಗಿಹಿಡಿದು ನಿಂತಿದ್ದಳು, ತೋಳು ಮರದ ಕೊರಡಿನ ಹಾಗೆ ಸೆಟೆದಿತ್ತು. ಮಗು ಅವಳ ಗಲ್ಲವನ್ನು ನೋಡಿತು. ತುಟಿ ಸೊಟ್ಟಗಾಯಿತು. ಕಿರುಚಿ ಅಳತೊಡಗಿತು.

ಚುಚ್ಚಿತು, ಅಂತ ತಲೆ ಕೂಗಿತು. ಎಲ್ಲಿ, ತೋಳಿನಲ್ಲಾ, ಕಂಕುಳ ಹೊಲಿಗೆಯಲ್ಲಾ? ಇಳಿಸು, ಬಟ್ಟೆ ಬಿಚ್ಚಿ ನೋಡು, ಬೆನ್ನು ನೋಡು, ಈಗಲೇ ನೋಡು. ಚಿಕ್ಕಿಯ ಬಾಯಿ ತಾನಾಗಿ ಅಕ್ಕನ ಕಡೆ ತಿರುಗಿತು. "ಅಕ್ಕಾ..."

ಅಕ್ಕ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಕಣ್ಣಲ್ಲಿ ನೀರಿತ್ತು. ಬಾಯಿ ತೆರೆಯಲಿಲ್ಲ.

"ಹಸಿವಿರಬೇಕು," ಅಂದಳು ಮಗಳು, ಕೈ ಮುಂದೆ ಮಾಡಿ. "ಇಲ್ಲಾ ಹೊಸ ಕೈ ಅಂತ... ಕೊಡು ಚಿಕ್ಕಿ, ಪರವಾಗಿಲ್ಲ."

ಹಸಿವಿರಬಹುದು. ಹೊಸ ಕೈ ಅಂತಿರಬಹುದು. ಮೊನೆಯೂ ಇರಬಹುದು. ಚಿಕ್ಕಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಮಗುವನ್ನು ಭುಜಕ್ಕೆ ಏರಿಸಿಕೊಂಡು, ಬೆನ್ನ ಮೇಲೆ ಅಂಗೈ ಇಟ್ಟಳು. ಮೆಲ್ಲಗೆ ತಟ್ಟತೊಡಗಿದಳು.

"ಇರಲಿ," ಅಂದಳು. "ಅಳ್ತಾಳೆ. ನನ್ನ ಹತ್ತಿರವೇ ಅಳಲಿ ಸ್ವಲ್ಪ."

ಮಷೀನಿನಿಂದ ಬಾಗಿಲವರೆಗೆ ನಡೆದಳು, ಬಾಗಿಲಿನಿಂದ ಮಷೀನಿನವರೆಗೆ. ಮಗು ಅವಳ ಕಿವಿಯ ಪಕ್ಕದಲ್ಲೇ ಅರಚುತ್ತಿತ್ತು. ಪ್ರತಿ ಸುತ್ತಿಗೂ ತಲೆ ನೋಡು ನೋಡು ಅನ್ನುತ್ತಿತ್ತು, ಅವಳು ನಡೆಯುತ್ತಿದ್ದಳು. ಬಾಗಿಲ ಹತ್ತಿರ ಬಂದಾಗ ಗಾಳಿ ತಾಗಿ ಅಳು ಒಂದು ಗಳಿಗೆ ತಡೆಯಿತು, ಬಿಕ್ಕಳಿಕೆಯಾಯಿತು, ಮತ್ತೆ ಶುರುವಾಯಿತು, ಆದರೆ ಮೊದಲಿನಷ್ಟು ಜೋರಾಗಿ ಅಲ್ಲ.

ಮಗಳು ಚಾಚಿದ ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡಳು. ಕುರ್ಚಿ ಎಳೆದು ಕೂತಳು.

"ಮೊದಲ ವಾರ ಮಧ್ಯಾಹ್ನದವರೆಗೆ ಮಾತ್ರ ಬಿಡ್ತೀನಿ," ಅಂದಳು. "ಹಾಲು ಯಾವಾಗ ಕೊಡಬೇಕು ಅಂತ ಹೇಳಿಕೊಡ್ತೀನಿ. ಬೆಳಿಗ್ಗೆ ಎಂಟಕ್ಕೆ ಕರ್ಕೊಂಡು ಬಂದ್ರೆ ಆಗುತ್ತಾ?"

"ಏಳೂವರೆಗೆ ಬಾ," ಅಂದಳು ಚಿಕ್ಕಿ, ತಿರುಗಿ ನೋಡದೆ. "ನಿಂಗೆ ಬಸ್ಸು ತಪ್ಪುತ್ತೆ."